ಬುಧವಾರ ಸೀಳುವ ಪೈಪು

ಗಾಡಿ ತಾನಾಗಿ ಕೆಡುತ್ತಿಲ್ಲ, ಯಾರೋ ಬೇಕಂತಲೇ ಕೆಡಿಸುತ್ತಿದ್ದಾರೆ ಎಂದು ನನಗೆ ಅನುಮಾನ ಬಂದದ್ದು ಎರಡನೆಯ ಬುಧವಾರ. ಮೊದಲನೆಯ ಬುಧವಾರ ಆದದ್ದನ್ನು ಹಳೆಯ ಗಾಡಿಯ ಹಣೆಬರಹ ಅಂದುಕೊಂಡು ಬಿಟ್ಟುಬಿಟ್ಟಿದ್ದೆ.

ಅನುಮಾನ ನನಗೆ ಹುಟ್ಟುಗುಣ. ತರಕಾರಿಯವನು ಒಂದು ಬದನೆಕಾಯಿ ಹೆಚ್ಚಿಗೆ ಹಾಕಿದರೆ ಅದನ್ನು ತಿರುಗಿಸಿ ತಿರುಗಿಸಿ ಹುಳ ಹುಡುಕುವವಳು ನಾನು. ಇರಲಿ ಬಿಡಿ, ಪಿಕಪ್ ಗಾಡಿ ಓಡಿಸುವ ಹೆಣ್ಣುಮಗಳಿಗೆ ಅಷ್ಟಾದರೂ ಅನುಮಾನ ಬೇಕು.

ನಮ್ಮದು ಕದರಮಂಡಲಗಿ ಹತ್ತಿರದ ಒಂದು ಹಳ್ಳಿ. ನನ್ನ ಹೆಸರು ದ್ರಾಕ್ಷಾಯಿಣಿ. ಅಪ್ಪ ಗಿರಿಯಪ್ಪನ ಕಣ್ಣು ಮಂಜಾದ ಮೇಲೆ ಅವನ ಪಿಕಪ್ಪು ನನ್ನ ಕೈಗೆ ಬಂತು. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ, ರಾಣೇಬೆನ್ನೂರಿನಿಂದ ಬಿತ್ತನೆ ಬೀಜ, ಯಾರದೋ ಮದುವೆಯ ಪಾತ್ರೆ ಪಗಡ, ಹೀಗೆ ಏನು ಸಿಕ್ಕರೂ ಹೇರಿಕೊಂಡು ಓಡುತ್ತೇನೆ. ಚಾದಂಗಡಿಯ ಗಂಡಸರು ತಿರುಗಿ ನೋಡಿದರೆ ಒಂದು ಹಾರ್ನ್ ಹೊಡೆದು ಮುಂದೆ ಹೋಗುತ್ತೇನೆ. ಸ್ಟೇರಿಂಗ್ ಹಿಡಿದಾಗ ಎಷ್ಟು ಖುಷಿಯಾಗುತ್ತದೆಂದರೆ, ಅದನ್ನು ಬಿಟ್ಟು ಬದುಕುವುದು ಹೇಗೆಂದು ನನಗೆ ಗೊತ್ತಿಲ್ಲ.

ಅದನ್ನೇ ಬಿಡುವ ಹೊತ್ತು ಹತ್ತಿರ ಬಂದಿತ್ತು. ಗಾಡಿಯ ಎಫ್.ಸಿ., ಅಂದರೆ ಫಿಟ್‌ನೆಸ್ ಸರ್ಟಿಫಿಕೇಟು, ಮುಗಿಯುವುದರಲ್ಲಿತ್ತು. ಹಾವೇರಿಗೆ ಒಯ್ದು ಹೊಗೆ, ಬ್ರೇಕು ಎಲ್ಲ ತೋರಿಸಿ ಪಾಸು ಮಾಡಿಸಿಕೊಂಡು ಬರಬೇಕು.

"ಪಾಸ್ ಆದ್ರ ಚಲೋ ಆತು," ಎಂದಿದ್ದ ಅಪ್ಪ. "ಇಲ್ಲಂದ್ರ ಆ ತಿರಕಪ್ಪ ಕೇಳಾಕತ್ತಾನ, ಕೊಟ್ಟ ಬಿಡೂಣು. ನಿನಗೂ ಒಂದು ಮನಿ ನೋಡಿ ಮದುವಿ ಮಾಡೂಣು. ಎಷ್ಟ ದಿನಾ ಅಂತ ಓಡಸ್ತಿ?"

ತಿರಕಪ್ಪ ಅಂದರೆ ರಾಣೇಬೆನ್ನೂರಿನ ಹಳೆ ಗಾಡಿಗಳ ದಲ್ಲಾಳಿ. ನಮ್ಮ ಪಿಕಪ್ಪಿನ ಮೇಲೆ ಅವನ ಕಣ್ಣು ಬಹಳ ದಿನದಿಂದ ಇತ್ತು.

ಆ ಮೊದಲ ಬುಧವಾರ ಬೆಳಿಗ್ಗೆ ಚೀಲ ಹೇರಿಕೊಂಡು ಹೊರಟರೆ ಗಾಡಿ ಜಗ್ಗಲೊಲ್ಲದು. ಹಿಂದೆ ಕಾಡಿಗೆಯಂಥ ಹೊಗೆ. ಬ್ರೇಕ್ ಒತ್ತಿದರೆ ಕಲ್ಲು ಒತ್ತಿದ ಹಾಗೆ. ಹೇಗೋ ಏದುಸಿರು ಬಿಡುತ್ತ ಬ್ಯಾಡಗಿ ಮುಟ್ಟಿ, ಹಿಂದಿನ ವಾರವಷ್ಟೇ ಎಣ್ಣೆ ಬದಲಿ ಮಾಡಿಸಿದ್ದ, ಊರ ಹೊರಗಿನ ಚನ್ನೇಶನ ಗ್ಯಾರೇಜಿಗೆ ಗಾಡಿ ತಂದು ನಿಲ್ಲಿಸಿದೆ.

ಚನ್ನೇಶ ಗುತ್ತಲದವನು. ಎತ್ತರದ ಆಳು, ಮಾತು ಕಡಿಮೆ, ರೆಪ್ಪೆ ಮಾತ್ರ ಅನ್ಯಾಯವಾಗಿ ಉದ್ದ. ಗಂಡಸಿಗೆ ಯಾಕೆ ಬೇಕು ಅಷ್ಟು ಉದ್ದದ ರೆಪ್ಪೆ ಎಂದು ನನಗೆ ಆಗಲೇ ಸಿಟ್ಟು ಬಂದಿತ್ತು.

ಅವನು ಬಾನೆಟ್ಟಿನೊಳಗೆ ತಲೆ ಹಾಕಿ ಒಂದು ಸಣ್ಣ ರಬ್ಬರ್ ಪೈಪನ್ನು ಬೆರಳಿನಿಂದ ಎತ್ತಿ ತೋರಿಸಿದ.

"ಇದು ವ್ಯಾಕ್ಯೂಮ್ ಪೈಪು ನೋಡ್ರಿ. ಪಂಪು ಗಾಳಿ ಎಳಿತೈತಿ, ಆ ಎಳೆತ ಇದರಾಗ ಹಾದು ಬ್ರೇಕಿಗೆ, ಟರ್ಬೋಕ್ಕ ಎಲ್ಲಾ ಹೋಗತೈತಿ. ಇಷ್ಟ ಒಂದು ಸೀಳು ಬಿದ್ರೂ ಎಳೆತ ಹೋತು. ಗಾಡಿ ಜಗ್ಗಾಂಗಿಲ್ಲ, ಬ್ರೇಕ್ ಹಿಡಿಯಾಂಗಿಲ್ಲ, ಹೊಗಿ ಕರ್ರಗ ಬರತೈತಿ."

"ಪಾಸ್ ಆಗತೈತೇನ್ರಿ ಎಫ್.ಸಿ.?"

"ನಾ ಮಾಡಿ ಕೊಡ್ತೇನಿ ಬಿಡ್ರಿ. ಬೇಕಾದ್ರ ಹಾವೇರಿಗೆ ಜೊತಿಗೂ ಬರ್ತೇನಿ."

ಪೈಪು ಬದಲಿಸಿದ. ಅಷ್ಟಕ್ಕೇ ಬಿಡಲಿಲ್ಲ. ಹೊಗೆಯನ್ನು ತಿರುಗಿ ಎಂಜಿನ್ನಿಗೆ ಕಳಿಸುವ ಇ.ಜಿ.ಆರ್. ವಾಲ್ವನ್ನೂ ಬಿಚ್ಚಿದ. ಬೇರೆಯವರಾಗಿದ್ದರೆ ಅದಕ್ಕೊಂದು ತಗಡು ಹೊಡೆದು ಬಂದ್ ಮಾಡಿ ಕೈ ತೊಳೆದುಕೊಳ್ಳುತ್ತಿದ್ದರು. ಇವನು ಡೀಸೆಲ್ಲಿನಲ್ಲಿ ನೆನೆಸಿ, ಬ್ರಶ್ಶಿನಿಂದ ತಿಕ್ಕಿ ತಿಕ್ಕಿ ಮಸಿ ತೆಗೆದು, ಮದುಮಗನ ಹಾಗೆ ಮೀಯಿಸಿ ಕೂರಿಸಿದ. ನಾನು ಕೇಳಿರಲಿಲ್ಲ. ಕೇಳದೆ ಇಷ್ಟು ನಿಯತ್ತು ತೋರಿಸುವವನ ಹೊಟ್ಟೆಯಲ್ಲಿ ಏನಿದೆಯೋ ಎಂದು ಮನೆಗೆ ಬರುವವರೆಗೂ ಯೋಚಿಸಿದೆ.

ಮುಂದಿನ ಬುಧವಾರ ಅದೇ ಪೈಪು, ಅದೇ ಜಾಗದಲ್ಲಿ ಸೀಳಿತು.

ಹೊಸ ಪೈಪು ಒಂದೇ ವಾರಕ್ಕೆ ಹೇಗೆ ಸೀಳುತ್ತದೆ? ಬುಸುಗುಡುತ್ತ ಗ್ಯಾರೇಜಿಗೆ ಹೋದರೆ ಅಲ್ಲಿ ಬೆಂಚಿನ ಮೇಲೆ ಕಾಲು ಮಡಚಿ ಕುಳಿತು ಚಾ ಹೀರುತ್ತಿದ್ದವನು ತಿರಕಪ್ಪ!

"ವಯಸ್ಸಾತು ತಂಗಿ ಗಾಡಿಗೆ," ಎಂದ ಹಲ್ಲು ಕಿರಿದು. "ಕೊಟ್ಟ ಬಿಡ್ರಿ, ಆರಾಮ ಇರ್ರಿ."

ನನ್ನ ತಲೆಯೊಳಗೆ ಲೆಕ್ಕ ಕೂಡಿಬಿಟ್ಟಿತು. ಇವನು ಕೊಳ್ಳುವವನು, ಅವನು ಕೆಡಿಸುವವನು. ಹೊರಗೆ ಮಳ್ಳನ ಹಾಗೆ ಕಾಣುವ ಚನ್ನೇಶ ಇಂಥ ಕಳ್ಳನೇನು!

ಆದರೆ ಅವನು ತಿರಕಪ್ಪನ ಕಡೆ ನೋಡಲೂ ಇಲ್ಲ. ಹೊಸ ಪೈಪು ಹಾಕಿ, ಕೈಯಲ್ಲಿ ಹಿಡಿಯುವ ಒಂದು ಪಂಪು ತಂದ. ಅದಕ್ಕೆ ಗಡಿಯಾರದಂಥ ಒಂದು ಮೀಟರು.

"ಇಲ್ಲಿ ಬರ್ರಿ, ನಿಮ್ಮ ಕಣ್ಣೀಲೆ ನೀವ ನೋಡ್ರಿ. ನಾ ಎಳಿತೇನಿ. ಮುಳ್ಳು ನಿಂತ್ರ ಪೈಪು ಚಲೋ ಐತಿ. ಇಳಿದ್ರ ಎಲ್ಲೋ ಸೋರಾಕತ್ತೈತಿ ಅಂತ."

ಪಂಪು ಒತ್ತಿದ. ಮುಳ್ಳು ಏರಿ ನಿಂತಿತು. ಇಬ್ಬರೂ ಬಾನೆಟ್ಟಿನ ಕೆಳಗೆ ಬಗ್ಗಿ ಅದನ್ನೇ ನೋಡುತ್ತಿದ್ದೆವು. ಅವನ ಅಂಗಿಯ ಡೀಸೆಲ್ ವಾಸನೆ, ನನ್ನ ಮುಡಿಯ ಮಲ್ಲಿಗೆ ವಾಸನೆ ಎರಡೂ ಆ ಇಕ್ಕಟ್ಟಿನಲ್ಲಿ ಸೇರಿಕೊಂಡಿದ್ದವು. ಮುಳ್ಳು ಅಲುಗಲಿಲ್ಲ. ನಾನೂ ಅಲುಗಲಿಲ್ಲ. ಕಣ್ಣೆತ್ತಿದರೆ ಅವನು ಮೀಟರು ನೋಡುವುದನ್ನು ಬಿಟ್ಟು ಯಾವಾಗಿನಿಂದಲೋ ನನ್ನನ್ನೇ ನೋಡುತ್ತಿದ್ದ.

"ಮುಳ್ಳ ಅಲ್ಲೈತ್ರಿ," ಎಂದೆ.

"ಹೌದ್ರಿ," ಎಂದ. ನೋಟ ಮಾತ್ರ ಇಲ್ಲೇ ಇತ್ತು.

ಎದೆ ಧಸಕ್ಕೆಂದಿತು. ಕಳ್ಳನೊಬ್ಬ ನೋಡಿದರೆ ಎದೆ ಹೀಗೆ ಹೊಡೆದುಕೊಳ್ಳಬಾರದು. ನನಗೆ ನನ್ನ ಮೇಲೆಯೇ ಅನುಮಾನ ಶುರುವಾಯಿತು.

ಇನ್ನೊಂದು ಸಂಗತಿ. ಗ್ಯಾರೇಜಿಗೆ ಬರುವ ಹೆಣ್ಣುಮಕ್ಕಳನ್ನೆಲ್ಲ ಚನ್ನೇಶ 'ಅಕ್ಕಾರ' ಎನ್ನುತ್ತಿದ್ದ. ಸ್ಕೂಟಿಯ ಟೀಚರಮ್ಮನಿಗೂ ಅಕ್ಕಾರ, ಚಾ ತಂದುಕೊಡುವ ಮೈಲವ್ವನಿಗೂ ಅಕ್ಕಾರ. ನನಗೆ ಮಾತ್ರ 'ಕೇಳ್ರಿ ಇಲ್ಲಿ', 'ನೋಡ್ರಿ ಇಲ್ಲಿ'. ಒಂದು ಸಲವೂ ಅಕ್ಕಾರ ಅಂದವನಲ್ಲ. ಅದರಲ್ಲೂ ಏನೋ ಮಸಲತ್ತು ಇರಬೇಕು ಎಂದುಕೊಂಡೆ.

ಆ ದಿನ ಹೊರಡುವ ಮೊದಲು ಪರ್ಸಿನಿಂದ ಕೆಂಪು ನೇಲ್ ಪಾಲಿಶ್ ತೆಗೆದು ಪೈಪು ಮತ್ತು ಕ್ಲಿಪ್ಪು ಸೇರುವಲ್ಲಿ ಎರಡೂ ಕಡೆ ಗೆರೆ ಎಳೆದೆ. ಯಾರಾದರೂ ಬಿಚ್ಚಿದರೆ ಗೆರೆ ಒಡೆಯಬೇಕು, ಕಳ್ಳ ಸಿಗಬೇಕು.

"ಇದೇನ್ರಿ, ಪೈಪಿಗೆ ಸಿಂಗಾರ?" ಎಂದ ಚನ್ನೇಶ.

"ಗುರ್ತಿಗೆ."

"ನಿಮ್ಮ ಉಗುರಿಂದ ಬಣ್ಣ ಅಲ್ಲೇನದು?"

ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಉಗುರಿನ ಬಣ್ಣ ಯಾವುದೆಂದು ನೋಡಿಟ್ಟುಕೊಂಡಿದ್ದಾನಲ್ಲ, ಬೆರಿಕಿ!

ಮೂರನೆಯ ಬುಧವಾರ ಗಾಡಿ ಮತ್ತೆ ಕಾಡಿಗೆಯಂಥ ಹೊಗೆ ಉಗುಳಿತು. ಬಾನೆಟ್ ಎತ್ತಿದರೆ ನನ್ನ ಕೆಂಪು ಗೆರೆಗಳು ಹಾಗೇ ಇವೆ, ನಡುವಿನಲ್ಲಿ ಪೈಪು ಸೀಳಿದೆ. ಬಿಚ್ಚದೆ, ಮೇಲಿನಿಂದಲೇ ಕೊಯ್ದಿದ್ದಾರೆ. ಹೇಗೋ ಮಾಡಿ ಗ್ಯಾರೇಜು ಮುಟ್ಟಿದರೆ ಚನ್ನೇಶ ಬಾಗಿಲಲ್ಲೇ ನಿಂತಿದ್ದಾನೆ. ಒಗೆದು ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ!

"ಬುಧವಾರ ಅಲ್ಲೇನ್ರಿ, ಬರ್ತೀರಿ ಅನಕೊಂಡಿದ್ದೆ," ಎಂದ ನಗುತ್ತ.

ಮೈಯೆಲ್ಲ ಉರಿದುಹೋಯಿತು.

"ಹೆಂಗ ಗೊತ್ತಾತು ನಿಮಗ, ನಾ ಬರ್ತೇನಿ ಅಂತ? ಕೊಯ್ದಾವರಿಗೆ ಗೊತ್ತಿರತೈತಿ ಬಿಡ್ರಿ! ಆ ತಿರಕಪ್ಪಗ ಗಾಡಿ ಕೊಡಸಾಕ ಎಷ್ಟ ದಿನಾ ಮಾಡಾಕತ್ತೀರಿ ಈ ನಾಟಕ?"

ಚಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಮೈಲವ್ವ ಕಪ್ಪು ಹಿಡಿದುಕೊಂಡು ಹಾಗೇ ನಿಂತಳು. ಚನ್ನೇಶನ ಮುಖದ ನಗು ಅಲ್ಲೇ ಸತ್ತಿತು.

ಹರಿದ ಪೈಪನ್ನು ಬಿಚ್ಚಿದ. ಹೊಸದು ಹಾಕಿದ, ಮೀಟರು ಹಚ್ಚಿ ನೋಡಿದ. ಆಮೇಲೆ ಹರಿದ ತುಂಡನ್ನು ನನ್ನ ಅಂಗೈಯಲ್ಲಿಟ್ಟ.

"ಬ್ಲೇಡ್ ಕೊಯ್ತ ಅಲ್ಲ ಇದು. ಸುತ್ತಲೂ ಕೊರದೈತಿ, ತಂತಿ ಬಿಗದ ಎಳದಂಗ. ಇಲ್ಲಿ ಇದ್ದಲಿ ಮಸಿ ಹತ್ತೈತಿ ನೋಡ್ರಿ. ಮಂಗಳವಾರ ಸಂಜಿಗೆ ಗಾಡಿ ಎಲ್ಲಿ ನಿಲ್ಲತೈತಿ?"

"ನಮ್ಮ ಅಂಗಳದಾಗ."

"ಹಂಗಾದ್ರ ಕಳ್ಳನ್ನ ಅಲ್ಲೇ ಹುಡುಕ್ರಿ."

"ಅಂದ್ರ ನಮ್ಮ ಮನ್ಯಾಗಿನವರ ಮ್ಯಾಲ ಹಾಕ್ತೀರಿ?"

ಅವನು ಕೈ ಒರೆಸುವ ಬಟ್ಟೆ ಎತ್ತಿಕೊಂಡ. "ತಿರಕಪ್ಪ ದಿನಾ ಬರ್ತಾನ್ರಿ, ಪುಕ್ಕಟ ಚಾ ಸಿಗತೈತಂತ. ಅವಗ ನಿಮ್ಮ ಗಾಡಿ ಕೊಡಸಿ ನನಗೇನಾಗಬೇಕು? ಕೆಡಸಾಕ ನನಗ ಕಾರಣ ಇದ್ರ ಒಂದ ಇತ್ತು. ಗಾಡಿ ಕೆಟ್ರ ನೀವು ಬರ್ತಿದ್ರಿ. ಅದು ಖರೇ. ಆದ್ರ ಬ್ರೇಕಿನ ಪೈಪು ಕೊಯ್ದು ನಿಮ್ಮನ್ನ ರಸ್ತೇಕ್ಕ ಬಿಡೂ ಮನಶ್ಯಾ ನಾ ಅಲ್ಲ."

ಕೆಟ್ಟ ಹಟ ಒಂದು ಇತ್ತಲ್ಲ, ಅದು ಮಾತಾಡಿತು.

"ಮುಂದಿನ ಬುಧವಾರ ಎಫ್.ಸಿ. ಐತಿ. ಜೊತಿಗೆ ಬರ್ತೇನಿ ಅಂದಿದ್ರಲ್ಲ, ಬರೂದೇನ ಬ್ಯಾಡ."

"ಆತ್ರಿ," ಎಂದ. ನಾನು ಗಾಡಿ ತಿರುಗಿಸಿಕೊಂಡು ಹೋಗುವಾಗ ಕನ್ನಡಿಯಲ್ಲಿ ನೋಡಿದೆ. ಕೈ ಒರೆಸುವ ಬಟ್ಟೆ ಹಿಡಿದು ಹಾಗೇ ನಿಂತಿದ್ದ.

ಆ ವಾರವೆಲ್ಲ ನನಗೆ ಊಟ ಸೇರಲಿಲ್ಲ. 'ಗಾಡಿ ಕೆಟ್ಟರೆ ನೀವು ಬರ್ತಿದ್ರಿ' ಎಂಬ ಮಾತು ರೊಟ್ಟಿ ಮುರಿದರೂ ಕೇಳುತ್ತಿತ್ತು, ಗೇರ್ ಹಾಕಿದರೂ ಕೇಳುತ್ತಿತ್ತು. ಅವನು ಕಳ್ಳನಾದರೆ ನನಗೆ ಅಳು ಬರುತ್ತದೆ, ಕಳ್ಳನಲ್ಲದಿದ್ದರೆ ನನ್ನ ಬಾಯಿಗೆ ಬೆಂಕಿ ಬೀಳಲಿ. ಎರಡರಲ್ಲಿ ಒಂದು ಗೊತ್ತಾಗಲೇಬೇಕಿತ್ತು.

ಎಫ್.ಸಿ. ದಿನ ಕೋಳಿ ಕೂಗುವ ಹೊತ್ತಿಗೇ ಎದ್ದು, ಶಾಲು ಹೊದ್ದು ಗಾಡಿಯ ಡ್ರೈವರ್ ಸೀಟಿನಲ್ಲಿ ಮುದುಡಿ ಕುಳಿತೆ. ಆ ಬಾಗಿಲಿಗೆ ಲಾಕ್ ಹತ್ತುವುದಿಲ್ಲ. ಬಾನೆಟ್ ತೆಗೆಯುವವರು ಯಾರೇ ಆಗಲಿ, ಕೆಳಗಿರುವ ಹಿಡಿಕೆ ಎಳೆಯಲು ಅಲ್ಲಿಗೇ ಕೈ ಹಾಕಬೇಕು.

ಸ್ವಲ್ಪ ಹೊತ್ತಿಗೆ ಬಾಗಿಲು ಕಿರ್ರೆಂದಿತು. ಒಂದು ಕೈ ಒಳಗೆ ಬಂದು ತಡಕಾಡಿ ನನ್ನ ಮೊಣಕಾಲು ಹಿಡಿಯಿತು. ನಾನು ಚೀರಿದೆ. ಕೈಯವಳೂ ಚೀರಿದಳು.

"ಯವ್ವಾ!"

ನಮ್ಮವ್ವ ಶೇಖವ್ವ! ಕೈಯಲ್ಲಿ ಇನ್ನೂ ಹಚ್ಚದ ಮೊಬೈಲ್ ಟಾರ್ಚು, ಸೊಂಟಕ್ಕೆ ಸಿಕ್ಕಿಸಿದ ಸೆರಗು.

"ಇಲ್ಲೇನ ಮಾಡಾಕತ್ತೀದಿ ಈ ಹೊತ್ತಿನಾಗ?" ಎಂದು ಅವ್ವ ನನ್ನನ್ನೇ ಗದರಿಸಿದಳು.

"ನೀ ಏನ ಮಾಡಾಕತ್ತೀದಿ ಹೇಳು ಮೊದ್ಲ!"

ಕೆಳಗಿಳಿದು ಬಾನೆಟ್ ಎತ್ತಿದೆ. ವ್ಯಾಕ್ಯೂಮ್ ಪೈಪಿಗೆ ತಂತಿ ಬಿಗಿದು ಕಟ್ಟಿದ ಗಂಟು. ತಂತಿಯಲ್ಲಿ ಒಂದು ನಿಂಬೆಹಣ್ಣು, ಒಂದಿಷ್ಟು ಮೆಣಸಿನಕಾಯಿ, ಒಂದು ಇದ್ದಲಿ ಚೂರು. ದೃಷ್ಟಿಗಂಟು!

"ಬಂಪರಿಗೆ ಕಟ್ಟಿದ್ರ ಮೂಢನಂಬಿಕಿ ಅಂತ ಕಿತ್ತ ಒಗಿತೀದಿ," ಎಂದಳು ಅವ್ವ. "ಅದಕ್ಕ ಮಂಗಳವಾರ ನೀ ಮಲಗಿದ ಮ್ಯಾಲ ಒಳಗ ಕಟ್ಟತೇನಿ. ಬೆಳಕ ಹರಿಯೂದ್ರಾಗ ಬಿಚ್ಚಿ ಮೂರು ದಾರಿ ಕೂಡೂಕಡೆ ಒಗದ ಬರ್ತೇನಿ. ಸರಿ ಅತ್ತಾಗ, ಹೊತ್ತ ಹುಟ್ಟಾಕ ಬಂತು."

ಬ್ಯಾಡ ಎನ್ನುವುದರೊಳಗೆ ಗಂಟು ಹಿಡಿದು ಜಗ್ಗಿದಳು. ತಂತಿ ರಬ್ಬರಿನಲ್ಲಿ ಇಳಿಯಿತು. ಪೈಪು ನನ್ನ ಕಣ್ಣೆದುರೇ ಸೀಳಿತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು ನನ್ನ ಪಾಡು. ಅಂಗಳದಲ್ಲೇ ಕುಸಿದು ಕುಳಿತೆ.

"ಯಾರ ದೃಷ್ಟಿಯಬೇ ನಿನಗ?"

"ನನಗಲ್ಲ, ನಿನಗ! ಆ ಬ್ಯಾಡಗಿ ಗ್ಯಾರೇಜಿನವಂದು. ಎಣ್ಣಿ ಬದಲಿ ಮಾಡ್ಸಾಕ ಅಲ್ಲಿಗೆ ಹೋಗಿ ಬಂದ ದಿನದಿಂದ ಕನ್ನಡಿ ಮುಂದ ನಿಂದರಾಕ ಹತ್ತೀದಿ. ಉಗುರಿಗೆ ಬಣ್ಣ ಬ್ಯಾರೆ. ಕೆಟ್ಟ ಕಣ್ಣ ಬಿದ್ದೈತಿ ಅಂತ ನನಗ ಖಾತ್ರಿ ಆತು. ಅವನ ಕಡೆ ನೀ ಹೋಗಬಾರದಂತ ಕಟ್ಟೇನಿ."

ಅವನ ಕಡೆ ಹೋಗದಿರಲೆಂದು ಅವ್ವ ಗಂಟು ಕಟ್ಟುತ್ತಾಳೆ, ಆ ಗಂಟಿನಿಂದ ಪೈಪು ಹರಿಯುತ್ತದೆ, ಪೈಪು ಹರಿಯಿತೆಂದು ನಾನು ಅವನ ಕಡೆಗೇ ಓಡುತ್ತೇನೆ. ಅನುಮಾನ ನನಗೆ ಯಾರ ಬಳುವಳಿ ಎಂಬುದೂ ಆಗ ಗೊತ್ತಾಯಿತು.

ಗಾಡಿ ಬಿಡಲೇಬೇಕಿತ್ತು. ಈ ದಿನ ತಪ್ಪಿದರೆ ಅಪ್ಪ ತಿರಕಪ್ಪನಿಗೆ ಮಾತು ಕೊಟ್ಟುಬಿಡುತ್ತಾನೆ. ಸೀಳಿಗೆ ಟೇಪು ಸುತ್ತಿ, ತಪ್ಪಿತಸ್ಥೆ ಅವ್ವನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೊರಟೆ. ಗ್ಯಾರೇಜಿಗೆ ಹೋಗುವ ಮುಖ ನನಗಿರಲಿಲ್ಲ. ನೇರ ಹಾವೇರಿಗೆ, ಆದದ್ದಾಗಲಿ ಎಂದುಕೊಂಡೆ.

ಟೇಪು ಮೋಟೆಬೆನ್ನೂರು ಮುಟ್ಟುವುದರೊಳಗೆ ಬಿಚ್ಚಿಕೊಂಡಿತು. ಗಾಡಿ ತೆವಳತೊಡಗಿತು, ಬ್ರೇಕು ಕಲ್ಲಾಯಿತು. ಹೈವೇ ಕೂಡುವಲ್ಲಿ ಬೈಕಿಗೆ ಒರಗಿ ಒಬ್ಬ ನಿಂತಿದ್ದ. ಭುಜಕ್ಕೆ ಸಾಮಾನಿನ ಚೀಲ, ಕೈಯಲ್ಲಿ ಕರಿ ರಬ್ಬರ್ ಪೈಪು.

ಚನ್ನೇಶ.

ಹ್ಯಾಂಡ್ ಬ್ರೇಕ್ ಎಳೆದು ಹೇಗೋ ನಿಲ್ಲಿಸಿದೆ. ಅವನು ಓಡಿ ಬಂದ. ಮುಖ ಬಿಳಿಚಿಕೊಂಡಿತ್ತು.

"ಬ್ರೇಕ್ ಇಲ್ದ ಬಂದೀರಿ? ತಲಿ ಐತೇನ್ರಿ ನಿಮಗ? ಏನರ ಆಗಿದ್ರ?" ಎಂದು ಒದರಿದ. ಅವನು ದನಿ ಏರಿಸಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

"ಬರಬ್ಯಾಡ ಅಂದಿದ್ನಲ್ರಿ," ಎಂದೆ ಸಣ್ಣ ದನಿಯಲ್ಲಿ.

"ಜೊತಿಗೆ ಬರಬ್ಯಾಡ ಅಂದಿದ್ರಿ. ದಾರ್ಯಾಗ ನಿಂದರಬ್ಯಾಡ ಅಂದಿದ್ದಿಲ್ಲ. ಗ್ಯಾರೇಜಿಗೆ ನೀವು ಬರಾಂಗಿಲ್ಲ ಅಂತ ಗೊತ್ತಿತ್ತು. ನಿಮ್ಮ ಹಟ ಗೊತ್ತಿಲ್ಲೇನು?"

ಬಾನೆಟ್ ಎತ್ತಿ ಕೆಲಸಕ್ಕೆ ನಿಂತ. ಅವ್ವ ಇಳಿದು ಅವನ ಸುತ್ತ ಒಂದು ಸುತ್ತು ಹಾಕಿ, ಸಂತೆಯಲ್ಲಿ ಎತ್ತು ನೋಡುವ ಹಾಗೆ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಪೈಪು ಹರದಾಕಿ ನಾನಪಾ," ಎಂದಳು ಕೊನೆಗೆ. "ದೃಷ್ಟಿಗಂಟು ಕಟ್ಟಿದ್ದೆ. ಇಕಿ ನಿನ್ನ ಬೈದಾಳಂತ. ಮನಸ್ಸಿಗೆ ಹಚ್ಕೋಬ್ಯಾಡ."

ಚನ್ನೇಶ ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ಮೊದಲು ತುಟಿ ಅಲುಗಿತು, ಆಮೇಲೆ ರೇಡಿಯೇಟರಿನ ಮೇಲೆ ತಲೆಯಿಟ್ಟು ನಕ್ಕೇ ನಕ್ಕ. ಆ ನಗು ತಿರುಗಿ ಬಂದದ್ದು ನೋಡಿ ನನ್ನ ಕಣ್ಣು ತುಂಬಿದವು.

"ನಗೂದ ಆಮ್ಯಾಲ," ಎಂದಳು ಅವ್ವ. "ಒಂದು ಮಾತ ಕೇಳ್ತೇನಿ, ಖರೇ ಹೇಳು. ನಿನ್ನ ಕಣ್ಣ ನಮ್ಮ ಹುಡುಗಿ ಮ್ಯಾಲ ಐತೋ ಇಲ್ಲೋ?"

ರಸ್ತೆಯ ಮೇಲೆ ಲಾರಿಗಳು ಹೋಗುತ್ತಿದ್ದವು. ಅವನು ಪಾನಾ ಕೆಳಗಿಟ್ಟು, ಕೈ ಒರೆಸಿಕೊಂಡು ನೆಟ್ಟಗೆ ನಿಂತ.

"ಐತ್ರೀ ಯವ್ವಾ. ಮೊದಲನೇ ದಿನದಿಂದ ಐತಿ. ಅಕ್ಕಾರ ಅನ್ನಾಕ ನಾಲಿಗಿ ಹೊಳ್ಳಲಿಲ್ಲ ನನಗ."

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅದೇ ಹೊತ್ತಿಗೆ ಅಲ್ಲಿಯೇ ಕುಣಿದುಬಿಡೋಣ ಎಂದೂ ಅನ್ನಿಸಿತು. ಅವ್ವ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ಮೊದ್ಲ ಗಾಡಿ ಪಾಸ್ ಆಗ್ಲಿ," ಎಂದು ಹತ್ತಿ ಕುಳಿತಳು.

ಹೊಸ ಪೈಪು ಕೂರಿಸಿ ಚನ್ನೇಶ ಬೈಕಿನಲ್ಲಿ ನಮ್ಮ ಹಿಂದೆಯೇ ಬಂದ. ಹಾವೇರಿಯಲ್ಲಿ ಸೈಲೆನ್ಸರಿಗೆ ಹೊಗೆ ಅಳೆಯುವ ನಳಿಗೆ ತೂರಿಸಿ, ಎಕ್ಸಿಲೇಟರ್ ಪೂರ್ತಿ ಒತ್ತೆಂದರು. ಒತ್ತಿದೆ. ಕಣ್ಣು ಮುಚ್ಚಿಕೊಂಡು ಒತ್ತಿದೆ. ತೆರೆದು ಕನ್ನಡಿ ನೋಡಿದರೆ ಹಿಂದೆ ಕರಿಯ ಹೊಗೆಯಿಲ್ಲ, ಗಾಳಿಯಷ್ಟೇ. ಬ್ರೇಕೂ ಮೆತ್ತಗೆ, ಸರಿಯಾಗಿ ಹಿಡಿಯಿತು. "ಪಾಸ್, ಮುಂದ ತಗೀರಿ," ಎಂದರು. ಎಷ್ಟು ದಿನದಿಂದ ಹಿಡಿದಿಟ್ಟ ಉಸಿರೋ, ಒಮ್ಮೆಲೆ ಹೊರಗೆ ಬಂತು.

ಎದುರಿನ ಅಂಗಡಿಯಲ್ಲಿ ಅವ್ವ ಮೂವರಿಗೂ ಮಿರ್ಚಿ ಮಂಡಕ್ಕಿ ಹೇಳಿದಳು. ಚನ್ನೇಶ ನನ್ನೆದುರು ಕುಳಿತ. ಕೇಳದೆ ನನಗೆ ಸಮಾಧಾನವಿಲ್ಲ, ಕೇಳಿಬಿಟ್ಟೆ.

"ಮದುವಿ ಆದ ಮ್ಯಾಲ ಗಾಡಿ ಬಿಡು ಅಂದ್ರ?"

"ಅನ್ನಾಂಗಿಲ್ರಿ ಅಂತ ಈಗ ಹೇಳಬಲ್ಲೆ. ನೀವು ನಂಬಬೇಕಲ್ಲ?"

"ನಂಬಾಂಗಿಲ್ಲ."

"ಗೊತ್ತೈತಿ." ಒಂದು ಮಿರ್ಚಿ ಕೈಗೆತ್ತಿಕೊಂಡ. "ಹಂಗಾದ್ರ ಹಿಂಗ ಮಾಡೂಣ್ರಿ. ಮದುವಿ ದಿನಾ ಗುತ್ತಲಕ್ಕ ನೀವ ಗಾಡಿ ಓಡಸ್ಕೊಂಡ ಬರ್ರಿ. ನನ್ನ, ನನ್ನ ಬಳಗಾನೆಲ್ಲಾ ಹೇರ್ಕೊಂಡ ನೀವ ಕರ್ಕೊಂಡ ಹೋಗ್ರಿ. ಎರಡೂ ಊರ ಮಂದಿ ನೋಡ್ಲಿ. ಅಷ್ಟು ಮಂದಿ ಕಣ್ಣ ಮುಂದ ನಿಮ್ಮ ಗಾಡಿ ಹತ್ತಿದಾಂವ, ನಾಳೆ ಯಾವ ಬಾಯೀಲೆ ಬಿಡು ಅನ್ಲಿ?"

"ಏ, ಅರಿಷಿಣ ಹಚ್ಕೊಂಡ ಮದುಮಗಳು ಗಾಡಿ ಓಡಸ್ತಾಳೇನು? ಬೀಗರೇನ ಚೀಲೇನು, ಹಿಂದ ನಿಂದರ್ಸಾಕ?" ಎಂದು ಅವ್ವ ಬಾಯಿಗೆ ಕೈ ಹಚ್ಚಿದಳು.

"ಓಡಸ್ತೇನಿ," ಎಂದೆ. ಅವನನ್ನೇ ನೋಡುತ್ತ ಎಂದೆ. ಅನುಮಾನ ಹುಡುಕಿದೆ, ಒಂದೂ ಸಿಗಲಿಲ್ಲ. ಆ ಉದ್ದ ರೆಪ್ಪೆಯ ಕಣ್ಣು ತುಂಬ ನಾನೇ ಇದ್ದೆ.

ಅಷ್ಟರಲ್ಲಿ ಅಪ್ಪನ ಫೋನು. "ಏನಾತಬೇ? ತಿರಕಪ್ಪ ಬಂದ ಕುಂತಾನ ಮನ್ಯಾಗ. ಏನ ಹೇಳ್ಲಿ?"

"ಎದ್ದ ಹೋಗಂತ ಹೇಳಪಾ. ಪಾಸ್ ಆತು, ಗಾಡಿ ಕೊಡೂದಿಲ್ಲ," ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ನನ್ನ ಕೊಡೂದಿದ್ರ, ಮನಿ ನಾನ ನೋಡೇನಿ."

ಎದುರಿಗೆ ಚನ್ನೇಶನಿಗೆ ಮಿರ್ಚಿ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಅವ್ವ ಲಗುಬಗೆಯಿಂದ ಎದ್ದು, ನೀರಿನ ಲೋಟ ಅವನ ಬಾಯಿಗೆ ಹಿಡಿದು, ಹೆತ್ತ ಮಗನಿಗೆ ತಟ್ಟುವ ಹಾಗೆ ಅವನ ನೆತ್ತಿ ತಟ್ಟತೊಡಗಿದಳು.